ಸ್ನೋಬೋರ್ಡಿಗೆ ಹಾರ್ಡ್ ಬೂಟು, ಅಂದರೆ ಸ್ಕೀ ಬೂಟಿನಂಥ ಗಟ್ಟಿ ಪ್ಲಾಸ್ಟಿಕ್ ಬೂಟು, ಆರಿಸುವಾಗ ಗಡಸುತನ ನೋಡಬೇಕೋ, ಲೈನರ್ (ಒಳಗಿನ ಮೆತ್ತನೆಯ ಪದರ) ಹಿತವಾಗಿದೆಯೋ ಎಂದು ನೋಡಬೇಕೋ?

ಎರಡೂ ಆಮೇಲೆ. ಮೊದಲು ಶೆಲ್, ಅಂದರೆ ಹೊರಗಿನ ಪ್ಲಾಸ್ಟಿಕ್ ಚಿಪ್ಪು.

ನೀವು ತರಿಸಿಕೊಂಡ ಎರಡು ಜೊತೆಯಲ್ಲಿ ಒಂದು ಗಡಸು, ಆದರೆ ಒಳಗೆ "ಸೋಫಾ ಹಾಗಿದೆ". ಇನ್ನೊಂದು ಸ್ವಲ್ಪ ಮೆದು, ಆದರೆ ಬೆರಳು ತುದಿಗೆ ತಾಗುತ್ತದೆ ಅಂದಿದ್ದೀರಿ. ನಾನು ಸೋಫಾ ಕೊಂಡವನು. ಒಂದು ಇಡೀ ಸೀಸನ್ನು, ಮೇಲೆ ಇನ್ನೊಂದು ಜೊತೆ ಲೈನರ್‌ನ ದುಡ್ಡು ಅದಕ್ಕೆ ಹೋಯಿತು.

ನನ್ನ ಪಾದ 26.4 ಸೆಂ.ಮೀ. ಓಡುವ ಶೂ ಯುರೋಪಿನ ಲೆಕ್ಕದಲ್ಲಿ 43. ಮ್ಯೂನಿಕ್‌ನ ಅಂಗಡಿಯಲ್ಲಿ ಆ 43 ಅನ್ನೇ ಹೇಳಿದೆ, ಅವರು 27.5ರ ಬೂಟು ತಂದರು. ಕಾಲು ಸಲೀಸಾಗಿ ಹೋಯಿತು, ಬೆರಳೆಲ್ಲ ಆರಾಮಾಗಿ ಆಡಿದವು, ಐದು ನಿಮಿಷ ಕಾರ್ಪೆಟ್ ಮೇಲೆ ಅಡ್ಡಾಡಿ ದುಡ್ಡು ಕೊಟ್ಟೆ. ತಪ್ಪು ಇಷ್ಟೇ. ಅದು ಬಲಿತ ಬಗೆಯನ್ನು ಮಾತ್ರ ಬಿಡಿಸಿ ಹೇಳಬೇಕು, ಯಾಕೆಂದರೆ ಪ್ರತಿ ಹಂತದಲ್ಲೂ ನಾನು ಬೈದದ್ದು ಬೂಟಿನ ಬೇರೆ ಯಾವುದೋ ಭಾಗವನ್ನು.

ಹಾರ್ಡ್ ಬೂಟಿನ ನಂಬರು ಮಾಂಡೋಪಾಯಿಂಟ್. ಅದು ಪಾದದ ಉದ್ದವೇ, ಸೆಂಟಿಮೀಟರಿನಲ್ಲಿ; ಶೂ ನಂಬರಿನಿಂದ ಅದಕ್ಕೆ ಹಾರುವಾಗ ಎಲ್ಲರೂ ಎಡವುತ್ತಾರೆ. ಸಾಮಾನ್ಯವಾಗಿ 26.0 ಮತ್ತು 26.5ಕ್ಕೆ ಶೆಲ್ ಒಂದೇ, 27.0 ಮತ್ತು 27.5ಕ್ಕೆ ಮುಂದಿನದು. ಅರ್ಧ ಸೈಜಿನ ವ್ಯತ್ಯಾಸ ಇರುವುದು ಇನ್‌ಸೋಲಿನಲ್ಲೋ ಲೈನರ್‌ನಲ್ಲೋ. ಹಾಗಾಗಿ ನಾನು ಪೂರಾ ಒಂದು ಶೆಲ್, ಅಂದರೆ 10 ಮಿ.ಮೀ. ಮೇಲೆ ಹೋಗಿದ್ದೆ. ಅಂಗಡಿಯಲ್ಲಿ ಅದು ಗೊತ್ತಾಗದೇ ಇದ್ದದ್ದಕ್ಕೆ ಕಾರಣ ಆ ದಪ್ಪ ಲೈನರ್: ಹೊಸ ಫೋಮು ಖಾಲಿ ಜಾಗವನ್ನೆಲ್ಲ ತುಂಬಿಕೊಂಡು ಸರಿಯಾದ ಅಳತೆಯ ಹಾಗೆ ನಟಿಸುತ್ತದೆ. ಎಂಟು ಹತ್ತು ದಿನ ಆಡಿದರೆ ಅದೇ ಫೋಮು ಹಳೇ ಹಾಸಿಗೆಯ ಹತ್ತಿಯಂತೆ ಕುಸಿಯುತ್ತದೆ. ಆಮೇಲೆ ಉಳಿಯುವುದು ಶೆಲ್‌ನ ನಿಜವಾದ ಅಳತೆ.

ನನಗೆ ಅದು ಆಸ್ಟ್ರಿಯಾದ ಹಿಂಟರ್‌ಟುಕ್ಸ್ ಹಿಮನದಿಯ ಮೇಲೆ ಗೊತ್ತಾಗತೊಡಗಿತು. ಬೆರಳ ಕಡೆಯ ಅಂಚಿಗೆ ತಿರುಗುವಾಗ ಮುಂಗಾಲೆಲುಬಿನಿಂದ ಬೂಟಿನ ನಾಲಗೆಯನ್ನು ಒತ್ತುತ್ತೇವಲ್ಲ, ಆ ಒತ್ತು ಬೋರ್ಡಿಗೆ ತಲುಪುವ ಮೊದಲು ಹಿಮ್ಮಡಿ ಒಳಗೇ ಒಂದು ಸೆಂಟಿಮೀಟರ್ ಮೇಲೇಳುತ್ತಿತ್ತು. ಅಷ್ಟರಲ್ಲಿ ಅಂಚು ಹಿಡಿಯುವುದು ತಡ, ಹಿಡಿದಾಗ ಒಮ್ಮೆಲೇ ಜಗ್ಗು. ಬೂಟನ್ನು ಬೋರ್ಡಿಗೆ ಕಚ್ಚಿಸುವ ಬೈಂಡಿಂಗ್ ಸಡಿಲ ಇರಬೇಕೆಂದುಕೊಂಡೆ. ಅಲ್ಲವೆಂದಾದ ಮೇಲೆ ಪಾದದ ಮೇಲ್ಭಾಗದ ಬಕಲನ್ನು ಎರಡು ಹಲ್ಲು ಬಿಗಿದೆ. ಅಲ್ಲಿ ರಕ್ತನಾಳವೂ ನರವೂ ಚರ್ಮದ ಅಡಿಯಲ್ಲೇ ಹಾದುಹೋಗುತ್ತವೆ. ಅರ್ಧ ಗಂಟೆಗೆ ಬೆರಳು ಮರಗಟ್ಟಿ ತಣ್ಣಗಾದವು. ಚಳಿಯೆಂದುಕೊಂಡು ಎರಡನೇ ಸಾಕ್ಸ್ ಹಾಕಿದೆ. ಎರಡು ಸಾಕ್ಸ್ ಒಂದರ ಮೇಲೊಂದು ಜಾರುತ್ತವೆ, ಮಡಚುತ್ತವೆ, ಬೆವರು ಹಿಡಿದಿಡುತ್ತವೆ. ಕಾಲು ಇನ್ನಷ್ಟು ತಣ್ಣಗಾಯಿತು. ಆಮೇಲೆ ಕಫ್, ಅಂದರೆ ಕಾಲನ್ನು ಸುತ್ತುವ ಬೂಟಿನ ಮೇಲ್ಭಾಗ, ಸಡಿಲಿಸಿದೆ. ಆಗ ಮುಂಗಾಲೆಲುಬಿಗೂ ನಾಲಗೆಗೂ ನಡುವೆ ಸಂದು ಬಿದ್ದು, ಪ್ರತಿ ಉಬ್ಬಿಗೂ ಎಲುಬು ಹೋಗಿ ನಾಲಗೆಗೆ ಬಡಿದು ಕನ್ನೇರಳೆ ಬಣ್ಣದ ಬಾವು.

ಇನ್ನೂ ಒಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸುವುದಿಲ್ಲ. ಕಫ್ ಬಾಗುವುದು ಎರಡೂ ಪಕ್ಕದ ರಿವೆಟ್‌ಗಳ ಸುತ್ತ. ಆ ರಿವೆಟ್ ನಿಮ್ಮ ಪಾದದ ಕೀಲಿನ ನೇರಕ್ಕೆ ಬರಬೇಕು. ಶೆಲ್ ದೊಡ್ಡದಾದರೆ ಕಾಲು ಒಳಗೆ ಹಿಂದೆ ಮುಂದೆ ಸರಿದು, ಕೀಲು ಒಂದು ಕಡೆ, ರಿವೆಟ್ ಇನ್ನೊಂದು ಕಡೆ. ಬಾಗಿಲಿನ ತಿರುಗಣೆ ಚೌಕಟ್ಟಿಗೆ ಸರಿಯಾಗಿ ಕೂರದಿದ್ದರೆ ಬಾಗಿಲು ಬಿಗಿಯೆನಿಸುತ್ತದಲ್ಲ, ಹಾಗೆ ಬೂಟೂ ಇರುವುದಕ್ಕಿಂತ ಗಡಸೆನಿಸುತ್ತದೆ. "ಈ ಬೂಟು ನನ್ನ ತೂಕಕ್ಕೆ ಗಡಸಾಯಿತು" ಎಂದು ನಾನು ತೀರ್ಮಾನಿಸಿದ್ದು ಹೀಗೆ. ಕೊನೆಗೆ ಲೈನರ್ ದೂರಿ ಇನ್ನೂ ದಪ್ಪದ ಹೊಸ ಲೈನರ್ ತಂದೆ. ಅದು ಹತ್ತು ದಿನ ಹೊಸ ಸೋಫಾ ಆಗಿತ್ತು, ಅಷ್ಟೇ.

ಸೀಸನ್ ಮುಗಿದ ಮೇಲೆ ಲೈನರ್ ಹೊರತೆಗೆದು ಬರಿಗಾಲನ್ನು ಶೆಲ್‌ನೊಳಗೆ ಇಟ್ಟು ನೋಡಿದೆ. ಹಿಮ್ಮಡಿಯ ಹಿಂದೆ 27 ಮಿ.ಮೀ. ಖಾಲಿ. 26.5ರ ಶೆಲ್‌ನಲ್ಲಿ ಅದೇ ಕಾಲಿಗೆ 16.

ಇದನ್ನು ನೀವು ಇವತ್ತೇ ಮಾಡಬಹುದು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ, ಗೋಡೆಗೆ ಹಿಮ್ಮಡಿ ಒತ್ತಿ ಪೂರ್ತಿ ಭಾರ ಬಿಟ್ಟು ನಿಂತು ಎರಡೂ ಪಾದ ಅಳೆಯಿರಿ. ದೊಡ್ಡ ಪಾದದ ಲೆಕ್ಕ ಹಿಡಿಯಿರಿ. ಲೈನರ್ ತೆಗೆದು ಬರಿಗಾಲು ಶೆಲ್‌ಗೆ ಹಾಕಿ, ಬೆರಳು ಮುಂದಿನ ಗೋಡೆಗೆ ಹಗುರವಾಗಿ ತಾಗಲಿ, ಮೊಣಕಾಲು ಸ್ವಲ್ಪ ಬಾಗಿಸಿ. ಹಿಮ್ಮಡಿಯ ಹಿಂದೆ ಎಷ್ಟು ಸಂದು ಇದೆ ನೋಡಿ. ಸಾಮಾನ್ಯ ಆರು ಮೂಲೆಯ ಪೆನ್ಸಿಲ್ ಸುಮಾರು 7 ಮಿ.ಮೀ. ದಪ್ಪ. ಎರಡು ಪೆನ್ಸಿಲ್ ಒಟ್ಟಿಗೆ ಟೇಪ್ ಸುತ್ತಿ ಇಳಿಬಿಡಿ: ಸ್ವಲ್ಪ ಮಾತ್ರ ಸಡಿಲವಾಗಿ ಇಳಿದರೆ ಸರಿ. ಮೂರು ಇಳಿದರೆ ದೊಡ್ಡದು. ಒಂದೇ ಇಳಿಯುವುದಾದರೆ ಅದು ರೇಸಿನವರ ಅಳತೆ, ನಿಮಗೆ ಬೇಡ. ಆಮೇಲೆ ಪಾದವನ್ನು ನಡುವೆ ತಂದು ಅಗಲ ನೋಡಿ. ಕಿರುಬೆರಳಿನ ಬುಡ, ಒಳಗಿನ ಕಮಾನಿನ ಮೇಲಿನ ಉಬ್ಬೆಲುಬು, ಕೀಲಿನ ಎರಡು ಗುಬಟು, ಇವು ಬರಿಗಾಲಲ್ಲೇ ಪ್ಲಾಸ್ಟಿಕ್‌ಗೆ ಒತ್ತುತ್ತಿದ್ದರೆ ಆ ಜಾಗವನ್ನು ಕಾಯಿಸಿ ಹೊರದೂಡಿಸಬೇಕಾಗುತ್ತದೆ. ಬೂಟು ಹೊಂದಿಸುವವರಿಗೆ ಅದು ಅರ್ಧ ಗಂಟೆಯ ಕೆಲಸ. ಚಿಕ್ಕ ಶೆಲ್‌ನ ಒಂದು ಜಾಗವನ್ನು ಹಿಗ್ಗಿಸಬಹುದು. ದೊಡ್ಡ ಶೆಲ್ ಅನ್ನು ಕುಗ್ಗಿಸುವ ಉಪಾಯ ಯಾರ ಹತ್ತಿರವೂ ಇಲ್ಲ.

ದೊಡ್ಡ ಶೆಲ್‌ಗೆ ಅಟ್ಟೆಯೂ ಉದ್ದ. ಸೊಂಟ, ಅಂದರೆ ನಡುವಿನ ಅಗಲ, 20 ಸೆಂ.ಮೀ. ಇರುವ ಬೋರ್ಡಿನಲ್ಲಿ ಬೂಟು ಅಂಚಿನಾಚೆ ಚಾಚದಿರಲು ಬೈಂಡಿಂಗ್ ಕೋನವನ್ನು ಒಂದೆರಡು ಡಿಗ್ರಿ ಏರಿಸಬೇಕಾಗುತ್ತದೆ. ಚಾಚಿಕೊಂಡಿದ್ದರೆ ಬೋರ್ಡು ಪೂರ್ತಿ ಮಲಗಿದ ಕ್ಷಣದಲ್ಲಿ ಬೂಟು ಹಿಮಕ್ಕೆ ತಾಗಿ ಅಂಚು ಕಿತ್ತುಬರುತ್ತದೆ.

ಇನ್ನು ಗಡಸುತನ. ಡಬ್ಬದ ಮೇಲಿನ ಸಂಖ್ಯೆಯನ್ನು ಆ ಒಂದೇ ಕಂಪನಿಯ ಬೂಟುಗಳ ನಡುವೆ ಹೋಲಿಸಲು ಬಳಸಿ, ಆಚೆಗೆ ಬೇಡ. ಎಲ್ಲರಿಗೂ ಒಂದೇ ಮಾನದಂಡ ಅಂತ ಇಲ್ಲ. ಶೆಲ್‌ನ ಪ್ಲಾಸ್ಟಿಕ್ಕಾದ ಪಾಲಿಯುರೆಥೇನ್ ಚಳಿಗೆ ಬಿಗಿಯುತ್ತದೆ: 20 ಡಿಗ್ರಿಯ ಕೋಣೆಯಲ್ಲಿ ಹಿತವಾಗಿ ಬಾಗಿದ್ದು ಮೈನಸ್ 10ರಲ್ಲಿ ಬೇರೆಯೇ ಬೂಟು. ಅದಕ್ಕೇ ಕೋಣೆಯಲ್ಲಿ ಬಕಲ್ ಹಾಕಿ ಮೊಣಕಾಲು ಮುಂದೂಡಿದಾಗ ಕಫ್ ಸ್ಪಷ್ಟವಾಗಿ, ಹದವಾಗಿ ಬಾಗಲೇಬೇಕು. ಅಲ್ಲೇ ಕಂಬದ ಹಾಗೆ ನಿಂತರೆ ಇಳಿಜಾರಿನಲ್ಲಿ ನೀವು ಬಾಗುವುದು ಸೊಂಟದಿಂದ. ಪೃಷ್ಠ ಹಿಂದೆ, ಎದೆ ಮುಂದೆ, ಭಾರವೆಲ್ಲ ಹಿಂಗಾಲಿಗೆ. ಆ ಭಂಗಿಯಲ್ಲಿ ಬೋರ್ಡಿನ ಮೂತಿ ಹಿಡಿಯುವುದಿಲ್ಲ.

ಕಾಲಿನ ಕೀಲನ್ನೂ ಪರೀಕ್ಷಿಸಿಕೊಳ್ಳಿ. ಬರಿಗಾಲಲ್ಲಿ ಕುಕ್ಕರುಗಾಲಲ್ಲಿ ಕೂರಿ. ಹಿಮ್ಮಡಿ ನೆಲಕ್ಕೆ ಊರಿಯೇ ಕೂರಬಲ್ಲಿರಾದರೆ ಕೀಲು ಸಡಿಲವಿದೆ, ಬೂಟಿನ ಬಾಗುವಿಕೆ ಪೂರ್ತಿ ನಿಮ್ಮದಾಗುತ್ತದೆ. ನಮ್ಮ ಕಡೆಯ ದೇಶಿ ಕಕ್ಕಸು ಇದೊಂದಕ್ಕಾದರೂ ಉಪಕಾರ ಮಾಡಿದೆ. ಹಿಮ್ಮಡಿ ಏಳುತ್ತದೆ ಎಂದಾದರೆ ಬೂಟಿನೊಳಗೂ ಏಳುತ್ತದೆ, ಎಷ್ಟು ಬಿಗಿದರೂ. ಆಗ ಹಿಮ್ಮಡಿಯ ಅಡಿ 3ರಿಂದ 6 ಮಿ.ಮೀ. ಬೆಣೆ ಇಡಿ.

ನಿಮ್ಮ 70 ಕೆ.ಜಿ. ತೂಕಕ್ಕೆ, ಮೊದಲ ಹಾರ್ಡ್ ಬೂಟಿಗೆ, ನನ್ನ ಮತ ಮೆದುವಿನ ಕಡೆಗೇ. ರೇಸಿನವರನ್ನು ನೋಡಿ ಗಡಸು ಕೊಳ್ಳಬೇಡಿ. 2018ರ ಪ್ಯೋಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಝೆಕ್ ಆಟಗಾರ್ತಿ ಎಸ್ತರ್ ಲೆಡೆಟ್ಸ್ಕಾ ಸ್ಕೀ ಸೂಪರ್-ಜಿ ಜೊತೆಗೆ ಸ್ನೋಬೋರ್ಡ್ ಪ್ಯಾರಲಲ್ ಜಯಂಟ್ ಸ್ಲಾಲಂ ಚಿನ್ನವನ್ನೂ ಗೆದ್ದದ್ದು ಗಾಜಿನಂಥ ಗಟ್ಟಿ ಹಾದಿಯಲ್ಲಿ, ಗೇಟುಗಳ ನಡುವೆ, ವರ್ಷಗಳ ತರಬೇತಿಯ ಕಾಲಿನಲ್ಲಿ. ಇನ್ನೊಂದು ತುದಿಯಲ್ಲಿ ಸ್ವಿಟ್ಜರ್ಲೆಂಡಿನ ಜಿನಾಲ್ ಕಡೆಯಿಂದ ಬಂದ ಶೈಲಿ, ಮೈಯನ್ನೇ ಹಿಮದ ಮೇಲೆ ಮಲಗಿಸಿ ತಿರುಗುವುದು. ಆ ಶೈಲಿಯವರು ಬೇಕೆಂದೇ ಮೆದುವಾದ ಹಾರ್ಡ್ ಬೂಟು ಹಾಕುತ್ತಾರೆ, ಕಾಲು ಪಕ್ಕಕ್ಕೂ ಆಡಬೇಕೆಂದು. ಸ್ಕೀ ಬೂಟು ಸಾಕಲ್ಲವೇ ಎಂದೂ ಕೇಳಿದ್ದೀರಿ. ಬೈಂಡಿಂಗ್‌ಗೆ ಕೂರುತ್ತದೆ, ಆದರೆ ಪಕ್ಕಕ್ಕೆ ಆಡುವುದಿಲ್ಲ, ಅಟ್ಟೆಯೂ ಉದ್ದ. ಒಂದು ದಿನದ ಪ್ರಯೋಗಕ್ಕೆ ಪರವಾಗಿಲ್ಲ.

ಗಡಸುತನದಲ್ಲಿ ತಿದ್ದುವ ಅವಕಾಶವೂ ಬಹಳ ಇದೆ, ಅದಕ್ಕೇ ಅದನ್ನು ಮುಂದಿಟ್ಟು ಆರಿಸಬೇಡಿ ಎನ್ನುವುದು. ಹಿಂಬದಿಯ ಸನ್ನೆಯಲ್ಲಿ (ಲಿವರ್) ಕಫ್ ಎಷ್ಟು ಮುಂದೆ ಬಾಗಿರಬೇಕೆಂದು ಹಲ್ಲು ಹಲ್ಲಾಗಿ ಹೊಂದಿಸಬಹುದು. ಮುಂದಿನ ಬೂಟು ಒಂದು ಅಥವಾ ಎರಡನೇ ಹಲ್ಲಿನಲ್ಲಿ, ಹಿಂದಿನದು ಮೂರು ನಾಲ್ಕರಲ್ಲಿ ಶುರುಮಾಡಿ. ಹಿಂಗಾಲು ಯಾವಾಗಲೂ ಹೆಚ್ಚು ಮಡಚಿರುತ್ತದೆ. ಬೈಂಡಿಂಗ್‌ನಲ್ಲಿ ಮುಂಗಾಲಿಗೆ ಬೆರಳ ಕಡೆ, ಹಿಂಗಾಲಿಗೆ ಹಿಮ್ಮಡಿಯ ಕಡೆ ಬೆಣೆ ಕೊಟ್ಟರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಸನ್ನೆಯ ಜಾಗದಲ್ಲಿ ಸ್ಪ್ರಿಂಗ್ ಹಾಕಿಸಿದರೆ ಕಫ್ ಒಂದು ಕೋನದಲ್ಲಿ ಕಚ್ಚಿ ನಿಲ್ಲದೆ ಎರಡೂ ಕಡೆ ಅದುಮಿ ಏಳುತ್ತದೆ, ಸ್ಪ್ರಿಂಗ್ ಬದಲಿಸಿ ಗಡಸನ್ನೂ ಬದಲಿಸಬಹುದು. ನಾನು ಖರ್ಚುಮಾಡುವುದಾದರೆ ಅದಕ್ಕೇ.

ಲೈನರ್ ವಿಷಯದಲ್ಲಿ "ಹಿತ" ಎಂಬ ಪದವನ್ನೇ ಮರೆತುಬಿಡಿ. ಸರಿಯಾದ ಹೊಸ ಲೈನರ್ ಬಿಗಿಯಾಗಿ ಕೈ ಕುಲುಕಿದ ಹಾಗಿರುತ್ತದೆ: ಎಲ್ಲ ಕಡೆ ಸಮನಾದ ಒತ್ತು, ಎಲ್ಲೂ ಚುಚ್ಚುವುದಿಲ್ಲ. ನೆಟ್ಟಗೆ ನಿಂತಾಗ ಬೆರಳು ತಾಗಬೇಕು, ಮೊಣಕಾಲು ಬಾಗಿಸಿದಾಗ ಹಿಂದೆ ಸರಿಯಬೇಕು. ನಿಮ್ಮ ಎರಡನೇ ಜೊತೆಯನ್ನು ನೀವು ಬೈದಿರುವುದು ಇದಕ್ಕೇ ಇರಬಹುದು. ಕಾಲನ್ನು ಸುತ್ತಿಕೊಳ್ಳುವ ಬಗೆಯ ಲೈನರ್ ಹೆಚ್ಚು ಜಾಗ ತುಂಬುತ್ತದೆ, ಬೂಟನ್ನು ಸ್ವಲ್ಪ ಗಡಸೂ ಮಾಡುತ್ತದೆ. ಸಣಕಲು ಕಾಲಿಗೆ ಅದು. ನಾಲಗೆ ಇರುವ ಬಗೆ ನಯವಾಗಿ ಬಾಗುತ್ತದೆ, ಮೀನಖಂಡ ದಪ್ಪಗಿರುವವರಿಗೆ ಒಳ್ಳೆಯದು. ಎರಡರಲ್ಲೂ ಶಾಖಕ್ಕೆ ಅಚ್ಚಾಗುವ ಫೋಮೇ ಇರಲಿ.

ಅಚ್ಚು ಮಾಡುವಾಗ ಕ್ರಮ ತಪ್ಪಬಾರದು. ಮೊದಲು ಫುಟ್‌ಬೆಡ್ (ಪಾದದಡಿಯ ಹಾಸು), ಆಮೇಲೆ ಶೆಲ್ ಹಿಗ್ಗಿಸುವುದು, ಕೊನೆಗೆ ಲೈನರ್. ತಿರುವುಮುರುವಾದರೆ ಪಾದದ ಎತ್ತರ ಬದಲಾಗಿ ಅಚ್ಚೆಲ್ಲ ಹಾಳು. ಬೆರಳಿಗೆ ಹಳೇ ಸಾಕ್ಸ್ ಕತ್ತರಿಸಿದ ಟೋಪಿ, ಉಬ್ಬೆಲುಬುಗಳ ಮೇಲೆ 5-6 ಮಿ.ಮೀ. ಫೋಮಿನ ತುಂಡು, ಮೇಲೆ ಒಂದೇ ತೆಳು ಸಾಕ್ಸ್. ಅಂಗಡಿಯ ಓವನ್ನಿನಲ್ಲಿ ಸುಮಾರು 120 ಡಿಗ್ರಿಗೆ ಹತ್ತು ಹನ್ನೆರಡು ನಿಮಿಷ. ತಯಾರಕರು ಬೇರೆ ಹೇಳಿದ್ದರೆ ಅದೇ ಸರಿ. ಮನೆಯಲ್ಲಾದರೆ ದಪ್ಪ ಹತ್ತಿ ಸಾಕ್ಸಿಗೆ ಅಕ್ಕಿ ತುಂಬಿ ಮೈಕ್ರೋವೇವಿನಲ್ಲಿ ಚೆನ್ನಾಗಿ ಬಿಸಿಮಾಡಿ ಲೈನರ್‌ನೊಳಗೆ ತುರುಕಿ ಹತ್ತು ನಿಮಿಷ ಬಿಡುವ ಉಪಾಯವಿದೆ. ಸೋನಾ ಮಸೂರಿಯೇ ಆಗಬೇಕೆಂದಿಲ್ಲ, ಆಮೇಲೆ ಅದನ್ನು ಅನ್ನ ಮಾಡಬೇಡಿ. ಬಿಸಿ ಲೈನರ್ ಶೆಲ್‌ನಲ್ಲಿರುವಾಗ ಕಾಲಿಟ್ಟು ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದೆ ಕೂರಿಸಿ, ಬಕಲ್ ಸಡಿಲವಾಗಿ ಹಾಕಿ, ಬೂಟಿನ ಮೂತಿಯ ಅಡಿ ಎರಡು ಸೆಂ.ಮೀ. ಹಲಗೆ ಕೊಟ್ಟು ಹತ್ತು ನಿಮಿಷ ಅಲುಗಾಡದೆ ನಿಲ್ಲಿ. ಫೋನ್ ಬಂದರೆ ನಡೆದುಹೋಗಬೇಡಿ.

ಆಡುವ ದಿನ ಬಕಲ್ ಹಾಕುವುದು ಮೇಲಿನಿಂದ ಕೆಳಗೆ: ಹಿಮ್ಮಡಿ ಕುಟ್ಟಿ, ಕಫ್ ಬಿಗಿದು, ಕೀಲಿನದು ಬಿಗಿದು, ಬೆರಳಿನ ಮೇಲಿನದನ್ನು ಬರೀ ಮುಚ್ಚಿ. ಉಣ್ಣೆಯ ಉದ್ದ ಒಳಪ್ಯಾಂಟಿನ ಅಂಚು ಬೂಟಿನೊಳಗೆ ಹೋಗಬಾರದು. ಅಷ್ಟೇ ಸಾಕು ಒಂದು ದಿನ ಹಾಳಾಗಲು.

ಕಂಪನಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗಲ ಪಾದಕ್ಕೆ ಡೀಲಕ್ಸ್ ಮೊದಲು ನೋಡಿ, ಅಟ್ಟೆ ಗಿಡ್ಡ ಬೇಕಾದರೆ ಯುಪಿಜೆಡ್. ಹಳೇ ಮಾಲು ಅಗ್ಗಕ್ಕೆ ಸಿಕ್ಕಿತೆಂದು ಇಪ್ಪತ್ತು ವರ್ಷದ ಹಿಂದಿನ ಬೂಟು ಮಾತ್ರ ತರಬೇಡಿ. ಪ್ಲಾಸ್ಟಿಕ್ ಒಳಗೊಳಗೇ ಜೀರ್ಣವಾಗಿ, ನೋಡಲು ಹೊಸದರಂತಿದ್ದು, ಚಳಿಯಲ್ಲಿ ಬಾಗಿದಾಗ ಮಡಕೆಯ ಹಾಗೆ ಒಡೆಯುತ್ತದೆ.

ನಿಮ್ಮ ಎರಡು ಜೊತೆಯಲ್ಲಿ ಬೆರಳು ತಾಗುವುದನ್ನು ಪೆನ್ಸಿಲ್ ಪರೀಕ್ಷೆಗೆ ಹಚ್ಚಿ, ಅದು ಗೆದ್ದರೆ ಮನೆಯೊಳಗೇ ಒಂದು ಗಂಟೆ ಬಕಲ್ ಹಾಕಿಕೊಂಡು ಕೂತು ನಿಂತು ಟಿವಿ ನೋಡಿ. ಮರಗಟ್ಟಿದರೆ ಎಲ್ಲಿ ಎಂದು ಶೆಲ್ ಮೇಲೆ ಪೇಪರ್ ಟೇಪ್ ಅಂಟಿಸಿ ಗುರುತು ಮಾಡಿ. ಸೋಫಾವನ್ನು ಈಗಲೇ ವಾಪಸ್ ಕಳಿಸಿ. ಹಿಂದಿರುಗಿಸುವ ಗಡುವು ಮುಗಿಯುವತನಕ, ಉಳಿಸಿಕೊಂಡದ್ದರ ಲೈನರ್ ಅನ್ನು ಬಿಸಿಮಾಡಬೇಡಿ, ಅಟ್ಟೆಗೆ ಗೀರು ಬೀಳಿಸಬೇಡಿ. ಒಮ್ಮೆ ಅಚ್ಚಾದ ಲೈನರ್ ಅನ್ನು ಯಾವ ಅಂಗಡಿಯವರೂ ಸುಲಭಕ್ಕೆ ವಾಪಸ್ ತೆಗೆದುಕೊಳ್ಳುವುದಿಲ್ಲ.