"ಕಡಿಮೆ ಓದಿದವರು" ಎನ್ನುವ ಮೊದಲು

ರಾಜಕೀಯದ ಮಾತು ಬಂದಾಗ ತಮಗಿಂತ ಕಡಿಮೆ ಓದಿದ ಬಂಧುಗಳೊಡನೆ ತಾಳ್ಮೆ ಉಳಿಸಿಕೊಳ್ಳುವುದು ಹೇಗೆಂದು ಕೇಳಿದ್ದೀರಿ. ತಾಳ್ಮೆಯ ವಿಚಾರ ಆಮೇಲಾಯಿತು; "ಕಡಿಮೆ ಓದಿದ" ಎಂಬ ಮಾತಿನ ಬಗ್ಗೆಯೇ ನನಗೆ ಅನುಮಾನವಿದೆ, ಏಕೆಂದರೆ ಅದನ್ನು ನಾನೂ ಬಹುಕಾಲ ತಲೆಯಲ್ಲಿ ಹೊತ್ತು ತಿರುಗಿದವನು.

ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಒಮ್ಮೆ ಸೋದರಮಾವನೊಡನೆ 1974ರ ಭೂಸುಧಾರಣೆಯ ಕುರಿತು ವಾದಕ್ಕೆ ಬಿದ್ದೆ. ಉಳುವವನೇ ಹೊಲದೊಡೆಯನಾದದ್ದು ಎಷ್ಟು ನ್ಯಾಯವೆಂದು, ಎಂ.ಎ. ಮುಗಿಸಿದ ಹುಮ್ಮಸ್ಸಿನಲ್ಲಿ, ಅರ್ಧ ಗಂಟೆ ಪ್ರವಚನ ಮಾಡಿದೆ. ಮಾವ ವೀಳ್ಯದೆಲೆಗೆ ಸುಣ್ಣ ಸವರುತ್ತ ಎಲ್ಲವನ್ನೂ ಕೇಳಿ, "ಅದೆಲ್ಲ ಸರಿ ಮಾರಾಯ, ಮೂಲಗೇಣಿಗೂ ಚಾಲಗೇಣಿಗೂ ವ್ಯತ್ಯಾಸ ಎಂತದು, ಹೇಳು ನೋಡುವ" ಎಂದರು. ನನ್ನ ಬಾಯಿ ಕಟ್ಟಿತು. ಮೂಲಗೇಣಿದಾರನದು ನಿಗದಿತ ಗೇಣಿಯ ಶಾಶ್ವತ ಹಕ್ಕೆಂದೂ, ಚಾಲಗೇಣಿದಾರನನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತೆಂದೂ ವಿವರಿಸಿದವರು ಅವರೇ. ಗೇಣಿ ಅಕ್ಕಿಯನ್ನೇ ನಂಬಿದ್ದ ಅವರ ವಿಧವೆ ಅಜ್ಜಿಯ ಗದ್ದೆಯೂ ಗೇಣಿದಾರರು ಒಡೆತನ ಕೋರಿ ಸಲ್ಲಿಸಿದ ಡಿಕ್ಲರೇಷನ್‌ನಲ್ಲಿ ಹೋಗಿತ್ತೆಂಬುದು ನನಗೆ ಗೊತ್ತಾದದ್ದು ಆ ದಿನವೇ. ಭೂಸುಧಾರಣೆ ನ್ಯಾಯವೆಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ವಿನಯವೆಂದರೆ ಅಭಿಪ್ರಾಯ ಬಿಟ್ಟುಕೊಡುವುದೆಂದು ನಾನು ಒಪ್ಪುವುದೂ ಇಲ್ಲ. ಆದರೆ ಪಕ್ಷ ಹಿಡಿಯುವಷ್ಟು ಮಾತ್ರ ತಿಳಿದಿದ್ದ ವಿಷಯವನ್ನು ಪೂರ್ತಿ ತಿಳಿದಿದ್ದೇನೆಂದು ಭಾವಿಸಿದ್ದೆನಲ್ಲ, ಆ ಅಹಂಕಾರ ನನ್ನ ಕಣ್ಣಿಗೇ ಬಿತ್ತು.

ಇದು ನನ್ನೊಬ್ಬನ ರೋಗವಲ್ಲ. ಯೇಲ್ ವಿಶ್ವವಿದ್ಯಾಲಯದ ರೋಜೆನ್‌ಬ್ಲಿಟ್ ಮತ್ತು ಕೀಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಪ್‌ನಂತಹ ದಿನಬಳಕೆಯ ವಸ್ತುಗಳು ಹೇಗೆ ಕೆಲಸ ಮಾಡುತ್ತವೆಂದು ಹಂತ ಹಂತವಾಗಿ ವಿವರಿಸಲು ಹೇಳಿದಾಗ, ತಮ್ಮ ತಿಳಿವಳಿಕೆಗೆ ಮೊದಲು ಧಾರಾಳವಾಗಿ ಅಂಕ ಕೊಟ್ಟುಕೊಂಡಿದ್ದವರೇ ಅದನ್ನು ಇಳಿಸಿಕೊಂಡರು. ಜಿಪ್ಪಿನ ಗತಿಯೇ ಹೀಗಾದರೆ ಕಾಯ್ದೆ ಕಾನೂನುಗಳ ಪಾಡೇನು?

ವೇಷವಿಲ್ಲದೆ ಕುಳಿತು ಯಕ್ಷಗಾನದ ಪ್ರಸಂಗವನ್ನು ಹಾಡು-ಮಾತಿನಲ್ಲೇ ನಡೆಸುವ ನಮ್ಮ ಕಡೆಯ ತಾಳಮದ್ದಳೆಯಲ್ಲಿ ಇಂದು ಕರ್ಣನಾಗಿ ಕೃಷ್ಣನನ್ನು ಕೆಣಕಿದ ಅರ್ಥಧಾರಿ ಮುಂದಿನ ವಾರ ಕೃಷ್ಣನಾಗಿ ಕೂರಬೇಕಾದೀತು. ಆದ್ದರಿಂದ ಎರಡೂ ಕಡೆಯ ಅರ್ಥ ಅವರ ನಾಲಗೆಯ ಮೇಲಿರುತ್ತದೆ. ಮಾವನೂ ನಾನೂ ಈಗ ಇದನ್ನೇ ಅನುಸರಿಸುತ್ತೇವೆ: ವಾದಕ್ಕೆ ಮುನ್ನ ಒಬ್ಬರ ಪಕ್ಷವನ್ನು ಇನ್ನೊಬ್ಬರು, ಎದುರಾಳಿ ಹೌದೆನ್ನುವಂತೆ, ಹೇಳಬೇಕು. ಘಟ್ಟದ ತೊರೆಗಳ ನೀರನ್ನು ಕೋಲಾರದ ಕಡೆಗೆ ಒಯ್ಯುವ ಎತ್ತಿನಹೊಳೆ ಯೋಜನೆಗೆ ನಾನು ವಿರೋಧಿ. ಕೋಲಾರದವರೂ ನೀರು ಕುಡಿಯಬೇಡವೇ ಎನ್ನುವವರು ಅವರು. ಕಳೆದ ತಿಂಗಳು ನನ್ನ ಪಾತ್ರ ವಹಿಸಿ, ಘಟ್ಟದ ತೊರೆಗಳು ಬತ್ತಿದರೆ ನೇತ್ರಾವತಿಯ ಅಳಿವೆಯವರೆಗೆ ಏನಾದೀತೆಂದು ಅವರು ಹೇಳಿದ್ದು ನಾನು ಹೇಳುವುದಕ್ಕಿಂತ ಚೆನ್ನಾಗಿತ್ತು. ಅವರ ಪಾತ್ರದಲ್ಲಿ ನನಗೆ ಎರಡು ಸಲ ತಿದ್ದುಪಡಿ ಬಿತ್ತು.