ಓದುಗರ ಪ್ರಶ್ನೆ, ನಮ್ಮ ಉತ್ತರ: ಮೇಳದಲ್ಲಿ ರೈತರೂ ಮಾತಾಡಬೇಕು

ಪ್ರಶ್ನೆ: ಕೃಷಿ ಅಭಿವೃದ್ಧಿ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಸಣ್ಣ ರೈತರು, ವಿಜ್ಞಾನಿಗಳು, ವಿಸ್ತರಣಾ ಕಾರ್ಯಕರ್ತರು (ಕೃಷಿ ಮಾಹಿತಿಯನ್ನು ರೈತರಿಗೆ ತಲುಪಿಸುವವರು) ಎಲ್ಲರನ್ನೂ ಸೇರಿಸಿ ಎರಡು ದಿನದ ಜ್ಞಾನ ಹಂಚಿಕೆ ಮೇಳ ಮಾಡಬೇಕಿದೆ. ಪ್ರತಿ ಸಲವೂ ಸ್ಲೈಡು, ಭಾಷಣ, ಊಟ ಅಷ್ಟೇ. ರೈತರು ಕೇಳಿಸಿಕೊಂಡು ಎದ್ದು ಹೋಗುತ್ತಾರೆ. ಬೇರೆ ರೀತಿ ಹೇಗೆ ಮಾಡೋದು?

ಉತ್ತರ: ಮೊದಲು ವೇದಿಕೆ ತೆಗೆಸಿಬಿಡಿ. ನಿಜವಾಗಿಯೂ ಹೇಳ್ತಿದ್ದೇನೆ. ವೇದಿಕೆ ಇದ್ದರೆ ಯಾರಾದರೂ ಹತ್ತಿಯೇ ಹತ್ತುತ್ತಾರೆ, ಹತ್ತಿದವರು ಬೇಗ ಇಳಿಯುವುದಿಲ್ಲ. ಉದ್ಘಾಟನೆ ಬೇಕೇಬೇಕು ಅಂದರೆ ಹತ್ತು ನಿಮಿಷದಲ್ಲಿ ಮುಗಿಸಿ.

ಆಮೇಲೆ ವಿಧಾನದ ಮಾತು. ವರ್ಲ್ಡ್ ಕೆಫೆ ಅಂತ ಒಂದಿದೆ, 1995ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಒಂದು ಮೇಜಿಗೆ ನಾಲ್ಕೈದು ಜನ, ಮೇಜಿನ ಮೇಲೆ ದೊಡ್ಡ ಹಾಳೆ, ಒಂದು ಪ್ರಶ್ನೆ, ಸುಮಾರು ಇಪ್ಪತ್ತು ನಿಮಿಷದ ಮಾತು. ಸಮಯ ಮುಗಿದ ಮೇಲೆ ಒಬ್ಬರು ಅಲ್ಲೇ ಉಳಿಯುತ್ತಾರೆ, ಉಳಿದವರು ಬೇರೆ ಬೇರೆ ಮೇಜಿಗೆ ಹೋಗುತ್ತಾರೆ. ಹೊಸದಾಗಿ ಬಂದವರಿಗೆ ಮೇಜಿನಲ್ಲೇ ಉಳಿದಿದ್ದ ಒಬ್ಬರು ಆವರೆಗಿನ ಮಾತು ಹೇಳಿ, ಅಲ್ಲಿಂದ ಮುಂದುವರಿಸುತ್ತಾರೆ. ಇದು ಸುಲಭ. ಕಷ್ಟ ಇರೋದು ಪ್ರಶ್ನೆಯಲ್ಲಿ. "ಸುಸ್ಥಿರ ನೀರು ನಿರ್ವಹಣೆ" ಅಂತ ಬರೆದಿಟ್ಟರೆ ವಿಜ್ಞಾನಿ ಬಿಟ್ಟು ಬೇರೆ ಯಾರೂ ಬಾಯಿ ತೆರೆಯುವುದಿಲ್ಲ. "ಕಳೆದ ಸಲ ನೀರು ಕಡಿಮೆಯಾದಾಗ ಯಾವ ಬೆಳೆ ಕೈಬಿಟ್ಟಿರಿ, ಯಾವುದನ್ನು ಉಳಿಸಿಕೊಂಡಿರಿ, ಯಾಕೆ?" ಅಂತ ಕೇಳಿ ನೋಡಿ. ಇದಕ್ಕೆ ರೈತರ ಹತ್ತಿರ ಉತ್ತರ ಇದೆ, ವಿಜ್ಞಾನಿಗೆ ಕೇಳಿಸಿಕೊಳ್ಳುವ ಕೆಲಸ ಇದೆ.

ಓಪನ್ ಸ್ಪೇಸ್ ಇನ್ನೊಂದು. ಸಮ್ಮೇಳನಗಳಲ್ಲಿ ಜನರಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕಾಫಿ ವಿರಾಮ ಅನ್ನೋದನ್ನು ಗಮನಿಸಿ ಅಮೆರಿಕದ ಹ್ಯಾರಿಸನ್ ಓವೆನ್ 1985ರಲ್ಲಿ ಶುರುಮಾಡಿದ್ದು. ಮೊದಲೇ ಕಾರ್ಯಸೂಚಿ ಇರುವುದಿಲ್ಲ. ಎಲ್ಲರೂ ವೃತ್ತವಾಗಿ ಕೂರುತ್ತಾರೆ, ವಿಷಯ ಇರುವವರು ಎದ್ದು ಬಂದು ಬರೆದು ಗೋಡೆಗೆ ಅಂಟಿಸುತ್ತಾರೆ, ಬೇಕಾದವರು ಬೇಕಾದ ಗುಂಪಿಗೆ ಹೋಗುತ್ತಾರೆ. ಏನೂ ಕಲಿಯುತ್ತಿಲ್ಲ, ಕಲಿಸುತ್ತಲೂ ಇಲ್ಲ ಅನ್ನಿಸಿದರೆ ಎದ್ದು ಬೇರೆ ಕಡೆ ನಡೆಯಬಹುದು, ಅದೇ ಅಲ್ಲಿನ ನಿಯಮ. ಆದರೆ ಅಧಿಕಾರಿಗಳೂ ರೈತರೂ ಒಟ್ಟಿಗಿರುವ ಕಡೆ ಇದನ್ನು ಮೊದಲ ದಿನ ಮಾಡಬೇಡಿ. ಗುರುತು ಪರಿಚಯ ಇಲ್ಲದೆ ಎದ್ದು ನಿಲ್ಲೋದಕ್ಕೆ ಹಿಂಜರಿಕೆ ಇರುತ್ತದೆ, ಗೋಡೆ ತುಂಬಾ ಅಧಿಕಾರಿಗಳ ವಿಷಯವೇ ತುಂಬಿಕೊಳ್ಳುತ್ತದೆ. ಎರಡನೇ ದಿನ ಬೆಳಿಗ್ಗೆ ಇಟ್ಟುಕೊಳ್ಳಿ.

ಇಂಥ ಮೇಳಗಳನ್ನು ದೊಡ್ಡ ಮಟ್ಟದಲ್ಲೂ ಮಾಡಿದ್ದಾರೆ. 2009ರ ಜನವರಿಯಲ್ಲಿ ರೋಮ್‌ನಲ್ಲಿರುವ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಕೇಂದ್ರ ಕಚೇರಿಯಲ್ಲಿ, 2010ರ ಅಕ್ಟೋಬರ್‌ನಲ್ಲಿ ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ ನಡೆದವು. ಹಾಗಾಗಿ "ಇದೆಲ್ಲ ಗಂಭೀರವಾದ ಸಭೆಗೆ ಆಗಲ್ಲ" ಅಂತ ನಿಮ್ಮ ಮೇಲಿನವರು ಹೇಳಿದರೆ ಧೈರ್ಯವಾಗಿ ಈ ಉದಾಹರಣೆ ಕೊಡಿ.

ಪ್ರಶ್ನೆ: ರೈತರ ಅನುಭವಕ್ಕೆ ಪುರಾವೆ ಇಲ್ಲ, ಎಲ್ಲರ ಮಾತಿಗೂ ಒಂದೇ ಬೆಲೆ ಕೊಟ್ಟರೆ ತಪ್ಪು ಮಾಹಿತಿ ಹರಡುತ್ತದೆ ಅಂತ ನಮ್ಮ ವಿಜ್ಞಾನಿಗಳು ಹೇಳುತ್ತಾರೆ. ಏನು ಹೇಳಲಿ?

ಉತ್ತರ: ಅವರ ಆತಂಕ ಸರಿಯಾಗಿಯೇ ಇದೆ. ಸುಮ್ನೆ ಕೂತು ಅಭಿಪ್ರಾಯ ಹಂಚಿಕೊಂಡರೆ ತಪ್ಪೂ ಹಂಚಿಕೆಯಾಗುತ್ತದೆ. ಅದಕ್ಕೇ ಹೊಲಕ್ಕೆ ಹೋಗಬೇಕು, ಅಲ್ವಾ?

ಇಂಡೋನೇಷ್ಯಾದ ಭತ್ತದ ಗದ್ದೆಗಳ ಕತೆ ಅವರಿಗೆ ಹೇಳಿ. ಕಂದು ಜಿಗಿಹುಳುವಿಗೆ ಅಂತ ಔಷಧಿ ಹೊಡೆದಷ್ಟೂ ಅದನ್ನು ತಿನ್ನುವ ಜೇಡಗಳು ಸತ್ತು, ಹುಳು ಇನ್ನೂ ಜಾಸ್ತಿಯಾಗುತ್ತಿತ್ತು. 1986ರಲ್ಲಿ ಸರ್ಕಾರ ಭತ್ತಕ್ಕೆ ಬಳಸುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಲ್ಲಿ ಎಫ್‌ಎಒ ನೆರವಿನಿಂದ ರೈತ ಕ್ಷೇತ್ರ ಪಾಠಶಾಲೆ ಶುರುವಾಯಿತು. ಸುಮಾರು ಇಪ್ಪತ್ತೈದು ರೈತರು ಬೆಳೆ ಇರುವಷ್ಟು ಕಾಲ ವಾರಕ್ಕೊಮ್ಮೆ ಸೇರುತ್ತಾರೆ. ಐದೈದು ಜನರ ಗುಂಪಾಗಿ ಗದ್ದೆಗಿಳಿದು ಕೆಲವು ಬುಡಗಳನ್ನು ಬಗ್ಗಿ ನೋಡುತ್ತಾರೆ. ತೆಂಡೆ (ಬುಡದಿಂದ ಒಡೆಯುವ ಕವಲು) ಎಷ್ಟು, ಎಲೆ ಬಣ್ಣ ಹೇಗಿದೆ, ಹುಳು ಎಷ್ಟು, ಜೇಡ ಎಷ್ಟು ಅಂತ ಲೆಕ್ಕ ಮಾಡುತ್ತಾರೆ. ಬದುವಿಗೆ ಬಂದು ದೊಡ್ಡ ಹಾಳೆಯಲ್ಲಿ ಬಣ್ಣದ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ: ನಡುವೆ ಪೈರು, ಒಂದು ಕಡೆ ಪೀಡೆ ಹುಳುಗಳು, ಇನ್ನೊಂದು ಕಡೆ ಅವುಗಳನ್ನು ತಿನ್ನುವವು. ಆ ಚಿತ್ರ ಇಟ್ಟುಕೊಂಡು ಈ ವಾರ ಔಷಧಿ ಬೇಕಾ ಬೇಡವಾ ಅಂತ ವಾದ ಮಾಡಿ ತೀರ್ಮಾನಕ್ಕೆ ಬರುತ್ತಾರೆ.

ಇಲ್ಲಿ ನಡೆಸಿಕೊಡುವವರ ನಡವಳಿಕೆ ನೋಡಬೇಕು. ರೈತರೊಬ್ಬರು ಹುಳ ಹಿಡಿದು ತಂದು "ಇದೇನು?" ಅಂದರೆ ಅವರು ಹೆಸರು ಹೇಳುವುದಿಲ್ಲ. "ಎಲ್ಲಿ ಸಿಕ್ಕಿತು? ಏನು ಮಾಡ್ತಿತ್ತು? ಇಂಥವು ಎಷ್ಟಿದ್ದವು?" ಅಂತ ತಿರುಗಿ ಕೇಳುತ್ತಾರೆ. ಇನ್ನೂ ಅನುಮಾನ ಇದ್ದರೆ, ಬಲೆ ಮುಚ್ಚಿದ ಕುಂಡದ ಪೈರಿಗೆ ಜಿಗಿಹುಳುವನ್ನೂ ಜೇಡವನ್ನೂ ಬಿಟ್ಟು ಕೆಲವು ದಿನ ಕಾದು ನೋಡುತ್ತಾರೆ. ಯಾರು ಯಾರನ್ನು ತಿಂದರು ಅನ್ನೋದಕ್ಕೆ ಆಮೇಲೆ ಯಾರ ಸರ್ಟಿಫಿಕೇಟೂ ಬೇಡ. ನಿಮ್ಮ ವಿಜ್ಞಾನಿಗಳು ಕೇಳುವ ಪುರಾವೆ ಇದೇ ತಾನೇ? ರೈತರೇ ಹುಟ್ಟಿಸಿದ ಪುರಾವೆ ಅನ್ನೋದು ಇದರ ಹೆಚ್ಚುಗಾರಿಕೆ. ನಿಮ್ಮ ಎರಡು ದಿನದಲ್ಲಿ ಅರ್ಧ ದಿನವನ್ನಾದರೂ ಹೀಗೆ ಹೊಲದಲ್ಲಿ ಕಳೆಯಿರಿ.

ಪ್ರಶ್ನೆ: ಮಹಿಳೆಯರು ಬರುತ್ತಾರೆ, ಆದರೆ ಮಾತಾಡುವುದೇ ಇಲ್ಲ.

ಉತ್ತರ: ಮೈಕು ಹಿಡಿಸಿದರೆ ಮಾತಾಡಲ್ಲ. ಕಾಳು ಕೊಡಿ. ನೆಲದ ಮೇಲೆ ಚೌಕ ಎಳೆದು, ಮೇಲೆ ಸಾಲಾಗಿ ತಳಿಗಳನ್ನು, ಪಕ್ಕದಲ್ಲಿ ಗುಣಗಳನ್ನು ಇಟ್ಟು, ಚೌಕದ ಪ್ರತಿ ಮನೆಗೂ ಎಷ್ಟು ಕಾಳು ಇಡುತ್ತೀರಿ ಅಂತ ಕೇಳುವ ಪದ್ಧತಿ, ಹಳ್ಳಿಯವರೇ ತಮ್ಮ ಸ್ಥಿತಿಗತಿ ಗುರುತಿಸಿ ಹೇಳುವ ಸಹಭಾಗಿ ಗ್ರಾಮೀಣ ಸಮೀಕ್ಷೆಯಲ್ಲಿದೆ. ಗುಣಗಳನ್ನೂ ಅವರೇ ಹೇಳಲಿ. ಗಂಡಸರ ಗುಂಪು ಬೇರೆ, ಹೆಂಗಸರ ಗುಂಪು ಬೇರೆ ಮಾಡಿ, ಆಮೇಲೆ ಎರಡೂ ಚೌಕಗಳನ್ನು ಅಕ್ಕಪಕ್ಕ ನೋಡಿ. ಇಳುವರಿ, ಮಾರುಕಟ್ಟೆ ಬೆಲೆ ಒಂದು ಕಡೆ ಮೇಲೆ ಬಂದರೆ, ಬೇಯಲು ಹಿಡಿಯುವ ಹೊತ್ತು, ಮೇವು, ಹುಳ ಹಿಡಿಯದೆ ಎಷ್ಟು ತಿಂಗಳು ಇರುತ್ತದೆ ಅನ್ನೋದು ಇನ್ನೊಂದು ಕಡೆ ಬರಬಹುದು. ಇಳುವರಿ ಚೆನ್ನಾಗಿದ್ದರೂ ತಳಿಯೊಂದನ್ನು ಯಾರೂ ಯಾಕೆ ಬಿತ್ತುತ್ತಿಲ್ಲ ಅನ್ನೋದು ಅಲ್ಲೇ ಗೊತ್ತಾಗಬಹುದು. ಈ ಪದ್ಧತಿಗೆ ದೊಡ್ಡ ಬಲ ಕೊಟ್ಟ ಬ್ರಿಟನ್ನಿನ ಅಭಿವೃದ್ಧಿ ಸಂಶೋಧಕ ರಾಬರ್ಟ್ ಚೇಂಬರ್ಸ್, ಕೋಲನ್ನು ಜನರ ಕೈಗೆ ಕೊಡಿ, ಅಂದರೆ ನಡೆಸುವ ಅಧಿಕಾರವನ್ನು ಅವರಿಗೇ ಬಿಡಿ ಅನ್ನುತ್ತಿದ್ದರು. ಕೊಟ್ಟ ಮೇಲೆ ವಾಪಸ್ ಕಿತ್ತುಕೊಳ್ಳಬೇಡಿ, ನಡುವೆ ಬಾಯಿ ಹಾಕಿ ತಿದ್ದಬೇಡಿ. ಸಭೆಯ ಸಮಯವನ್ನೂ ಅವರನ್ನು ಕೇಳಿಯೇ ಇಡಿ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಇರಲಿ.

ಪ್ರಶ್ನೆ: ಮೇಳ ಮುಗಿದ ಮೇಲೆ ವರದಿ ಬರೆಯುತ್ತೇವೆ, ಯಾರೂ ಓದುವುದಿಲ್ಲ.

ಉತ್ತರ: ದಪ್ಪ ವರದಿ ದುಡ್ಡು ಕೊಟ್ಟವರಿಗೆ ಬೇಕು, ಬರೆಯಿರಿ. ರೈತರಿಗೆ ಸಣ್ಣ ವಿಡಿಯೊ ಮಾಡಿ, ರೈತರೇ ತಮ್ಮ ಹೊಲದಲ್ಲಿ ನಿಂತು ಮಾಡಿ ತೋರಿಸುವಂಥದ್ದು. 2006ರಲ್ಲಿ ಸಂಶೋಧನಾ ಯೋಜನೆಯಾಗಿ ಶುರುವಾದ ಡಿಜಿಟಲ್ ಗ್ರೀನ್ ಅನ್ನೋ ಸಂಸ್ಥೆ ಮಾಡಿದ್ದು ಇದನ್ನೇ. ಅಲ್ಲಿ ವಿಡಿಯೊ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಸಣ್ಣ ಗುಂಪಿನಲ್ಲಿ ಹಾಕಿ, ಅದೇ ಊರಿನವರೊಬ್ಬರು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು, ಚರ್ಚೆ ಮಾಡಿಸುತ್ತಿದ್ದರು.

ಇನ್ನೊಂದು ಮಾತು. ಕೊನೆಯ ದಿನ ಹೊರಡುವ ಮುಂಚೆ ಪ್ರತಿಯೊಬ್ಬರೂ ಮುಂದಿನ ಬೆಳೆಯಲ್ಲಿ ಪ್ರಯತ್ನ ಮಾಡುವ ಒಂದೇ ಒಂದು ವಿಷಯ ಹೇಳಲಿ, ಅದನ್ನು ಯಾರ ಹತ್ತಿರ ಕಲಿತರು ಅಂತಲೂ ಹೇಳಲಿ. ಇಬ್ಬರ ಹೆಸರನ್ನೂ ಬರೆದುಕೊಳ್ಳಿ. ಕೊಯ್ಲಾದ ಮೇಲೆ ಅವರಿಬ್ಬರನ್ನು ಮತ್ತೆ ಸೇರಿಸುವ ಖರ್ಚನ್ನು ಈಗಲೇ ಬಜೆಟ್‌ನಲ್ಲಿ ಹಾಕಿ, ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.