ಧಾರಾವಾಹಿ ನಿಲ್ಲಿಸಬೇಕೆ, ಮೇಷ್ಟ್ರೇ?

ಹಾಸನದ ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ: “ಕ್ರೊಯೇಷಿಯಾದ ‘ವಿಯೆನಾತ್ಸ್’ ವಾರಪತ್ರಿಕೆಯನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದು ಅತಿಯಾಯಿತು. ಆ ನಾಡಿನ ಭಾಷೆಯನ್ನು ಗಟ್ಟಿ ಮಾಡಿದ್ದು ಅಕಾಡೆಮಿ ಮತ್ತು ವಿಶ್ವವಿದ್ಯಾಲಯ. ಕಥೆ, ಧಾರಾವಾಹಿ ಅಚ್ಚು ಹಾಕಿದವರಿಗೆ ಆ ಕೀರ್ತಿ ಏಕೆ? ನೀವೂ ಧಾರಾವಾಹಿ ನಿಲ್ಲಿಸಿ, ಆ ಪುಟಗಳನ್ನು ವಿಮರ್ಶೆಗೆ ಕೊಡಿ.”

ಮೇಷ್ಟ್ರೇ, ನಿಮ್ಮ ಅಕ್ಷರ ಇನ್ನೂ ದುಂಡಗಿದೆ. ಸಿಟ್ಟೂ ಅಷ್ಟೇ ದುಂಡಗಿದೆ. ಇಷ್ಟು ಮನಸ್ಸಿಟ್ಟು ಜಗಳವಾಡುವ ಓದುಗರು ಈಗ ಎಷ್ಟು ಜನ ಸಿಗುತ್ತಾರೆ ಹೇಳಿ!

ಅಕಾಡೆಮಿಯ ಮಾತು ಒಪ್ಪಿದೆ. ಬಿಷಪ್ ಸ್ಟ್ರಾಸ್‌ಮಾಯರ್ ಕೈಯಿಂದ ದುಡ್ಡು ಹಾಕಿ, ಬೆನ್ನಿಗೆ ನಿಂತದ್ದರಿಂದ 1866ರಲ್ಲಿ ಝಾಗ್ರೆಬ್ ನಗರಕ್ಕೆ ಅಕಾಡೆಮಿ ಬಂತು. 1874ರಲ್ಲಿ ಆಧುನಿಕ ವಿಶ್ವವಿದ್ಯಾಲಯವೂ ಬಂತು. ನಿಘಂಟು, ಗ್ರಂಥಸಂಪಾದನೆ ಎಲ್ಲ ದೊಡ್ಡ ಕೆಲಸಗಳೇ. ಆದರೆ ಆ ನಿಘಂಟನ್ನು ತೆರೆದು ನೋಡುವವರು ಎಲ್ಲಿಂದ ಬರಬೇಕು?

ಆ ಊರಿನ ಸ್ಥಿತಿ ನೋಡಿ. 1850ರ ದಶಕದಲ್ಲಿ, ಆಗ ಆ ನಾಡನ್ನು ಆಳುತ್ತಿದ್ದ ವಿಯೆನ್ನಾದ ಆಡಳಿತವು ಕಚೇರಿ, ಶಾಲೆಗಳಲ್ಲಿ ಜರ್ಮನ್ ಹೇರಿತು. ಓದು ಬಲ್ಲ ಮನೆಗಳಲ್ಲಿ ಜರ್ಮನ್ ಕಾದಂಬರಿ. ರಂಗಮಂದಿರದಲ್ಲೂ ಜರ್ಮನ್ ನಾಟಕ. 1860ರ ನವೆಂಬರಿನಲ್ಲಿ ಪ್ರೇಕ್ಷಕರೇ ಕೂಗಾಡಿ ಜರ್ಮನ್ ನಟರನ್ನು ವೇದಿಕೆಯಿಂದ ಇಳಿಸಿದರು. ಅದು ಒಂದು ರಾತ್ರಿಯ ಕೆಲಸ. ಮರುದಿನ ಸಂಜೆ ದೀಪ ಹಚ್ಚಿ ಮನೆಯಲ್ಲಿ ಕೂತವರು ಏನು ಓದಬೇಕು? ಮತ್ತದೇ ಜರ್ಮನ್ ಪುಸ್ತಕ ತಾನೆ?

ಆ ಜಾಗ ತುಂಬಲು 1869ರಲ್ಲಿ ಹುಟ್ಟಿದ್ದು ವಿಯೆನಾತ್ಸ್. ಮೊದಲ ಸಂಪಾದಕ ಜೂರೊ ದೆಜೆಲಿಚ್. ರಂಜನೆಗೆ ಮತ್ತು ತಿಳಿವಿಗೆ ಎಂದು ಹೆಸರಿನ ಜೊತೆಗೇ ಸಾರಿಕೊಂಡ ಪತ್ರಿಕೆ ಅದು. ರಂಜನೆ ಮೊದಲು ಬಂದದ್ದನ್ನು ಗಮನಿಸಬೇಕು, ಮೇಷ್ಟ್ರೇ.

1871ರಲ್ಲಿ ಆಗಸ್ಟ್ ಶೆನೋವಾ ಎಂಬ ಲೇಖಕ ಅದರಲ್ಲಿ ‘ಅಕ್ಕಸಾಲಿಗನ ಚಿನ್ನ’ ಎಂಬ ಕಾದಂಬರಿಯನ್ನು ಕಂತುಕಂತಾಗಿ ಬರೆದ. ಊರಿನ ಹಳೆಯ ದಾಖಲೆಗಳನ್ನು ಕೆದಕಿ ತೆಗೆದ, ಹದಿನಾರನೇ ಶತಮಾನದ ಝಾಗ್ರೆಬ್‌ನ ಕಥೆ. ಅಕ್ಕಸಾಲಿಗನ ಮಗಳು ದೋರಾ, ಅವಳಿಗೆ ಮನಸೋತ ಪಾಳೇಗಾರನ ಮಗ, ಕೇಡು ಬಗೆಯುವ ಕ್ಷೌರಿಕ, ಕೊನೆಗೆ ವಿಷ. ನಿಮ್ಮ ಮಾತಿನಲ್ಲಿ ಹೇಳುವುದಾದರೆ ಶುದ್ಧ ಧಾರಾವಾಹಿ ಸರಕು! ಆದರೆ ಓದುಗರು ದಿನವೂ ತಿರುಗಾಡುವ ಬೀದಿಗಳು ಮೊದಲ ಸಲ ಅವರದೇ ಭಾಷೆಯಲ್ಲಿ ಕಥೆಯಾಗಿದ್ದವು. ಇವತ್ತು ಝಾಗ್ರೆಬ್‌ನ ಕಲ್ಲಿನ ಹೆಬ್ಬಾಗಿಲ ಪಕ್ಕದಲ್ಲಿ ದೋರಾಳ ಪ್ರತಿಮೆ ಇದೆ. ವಿಮರ್ಶಾ ಲೇಖನದಿಂದ ಎದ್ದು ಬಂದ ಯಾರಿಗಾದರೂ ಊರಿನವರು ಪ್ರತಿಮೆ ನಿಲ್ಲಿಸಿದ್ದುಂಟೆ?

ಇನ್ನೊಂದು ಸ್ವಾರಸ್ಯವಿದೆ. ಈ ಶೆನೋವಾನ ಮನೆತನವೇ ಹೊರಗಿನಿಂದ ಬಂದದ್ದು. ತಂದೆ ಬಿಷಪ್ಪರ ಮನೆಯ ಮಿಠಾಯಿಗಾರ, ತಾಯಿ ಸ್ಲೊವಾಕ್. 1874ರಿಂದ ಅವನೇ ವಿಯೆನಾತ್ಸ್ ಸಂಪಾದಕ, ಜೊತೆಗೆ ನಗರಸಭೆಯ ಹುದ್ದೆ. 1880ರ ನವೆಂಬರ್ 9ರಂದು ಝಾಗ್ರೆಬ್‌ನಲ್ಲಿ ಭೂಕಂಪವಾಯಿತು. ಬಿದ್ದ ಮನೆಗಳನ್ನು ನೋಡಲು ಚಳಿಯಲ್ಲಿ ಓಡಾಡಿ ಹಾಸಿಗೆ ಹಿಡಿದ. ಆಗಲೂ ಬರೆಯುವುದನ್ನು ಬಿಡಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡಾಗ 43 ವರ್ಷ, ‘ಶಾಪ’ ಎಂಬ ಕಾದಂಬರಿ ಅರ್ಧಕ್ಕೇ ನಿಂತಿತ್ತು. ಅದನ್ನು ಗೆಳೆಯ ತೊಮಿಚ್ ಮುಗಿಸಿದ. ಸಂಪಾದಕನ ಕುರ್ಚಿಯಲ್ಲಿ ಕೂತ ನನಗೆ ಈ ಭಾಗ ಓದುವಾಗ ಸ್ವಲ್ಪ ಪಕ್ಷಪಾತ ಬಂದರೆ ಕ್ಷಮೆ ಇರಲಿ.

ಇನ್ನೂ ಹಿಂದಕ್ಕೆ ಹೋಗೋಣ. ಅಕಾಡೆಮಿ ಹುಟ್ಟುವ 31 ವರ್ಷ ಮೊದಲೇ, 1835ರಲ್ಲಿ, ಲ್ಯೂದೆವಿಟ್ ಗಾಯ್ ಚಕ್ರವರ್ತಿಯ ಅಪ್ಪಣೆ ಪಡೆದು ಸುದ್ದಿಪತ್ರಿಕೆ ತೆಗೆದ, ಅದಕ್ಕೆ ‘ದಾನಿತ್ಸಾ’ ಎಂಬ ಸಾಹಿತ್ಯದ ವಾರದ ಪುರವಣಿ ಸೇರಿಸಿದ. ಇಂದಿನ ರಾಷ್ಟ್ರಗೀತೆಯಾದ ಮಿಹಾನೊವಿಚ್‌ನ ಕವಿತೆ ಮೊದಲು ಬಂದದ್ದು ಆ ವರ್ಷದ ದಾನಿತ್ಸಾದಲ್ಲಿ. ಮರುವರ್ಷವೇ ಗಾಯ್ ಝಾಗ್ರೆಬ್ ಸೀಮೆಯ ಆಡುಮಾತಾದ ಕಾಯ್ಕಾವಿಯನ್ ಬಿಟ್ಟು, ಹೆಚ್ಚು ಜನ ಆಡುವ ಶ್ಟೋಕಾವಿಯನ್ ಉಪಭಾಷೆಗೆ ಪತ್ರಿಕೆಯನ್ನು ತಿರುಗಿಸಿದ. ತನ್ನ ಊರಿನ ಮಾತನ್ನೇ ಬದಿಗಿಟ್ಟು ಇಡೀ ನಾಡಿಗೆ ಒಂದು ಬರಹದ ಭಾಷೆ ಬೇಕೆಂದ ಧೈರ್ಯ ಅದು. ಸಮಿತಿಗೆ ಒಪ್ಪಿಸಿದ್ದರೆ ಉಪಸಮಿತಿಯ ವರದಿ ಇವತ್ತಿಗೂ ಬರುತ್ತಿರಲಿಲ್ಲ.

ಈಗ ನಮ್ಮ ಮನೆ ಕಡೆ ಬರೋಣ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಸೋದರತ್ತೆ ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ಕಿತ್ತು, ದಾರ ಹಾಕಿ ಹೊಲಿದು, ರಟ್ಟು ಹಚ್ಚಿ ಇಡುತ್ತಿದ್ದರು. ಆ ಕಟ್ಟು ಕೇರಿಯ ಮನೆಗಳನ್ನೆಲ್ಲ ಸುತ್ತಿ ಬರುತ್ತಿತ್ತು. ಅಂಥ ಹೆಂಗಸರನ್ನು ಯಾವ ಸಮ್ಮೇಳನವೂ ಸನ್ಮಾನಿಸಲಿಲ್ಲ. ಸನ್ಮಾನ ಭಾಷಣಕಾರರಿಗೆ. ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಕನ್ನಡ ಉಳಿಯಬೇಕೆಂದು ಗುಡುಗಿ ಕಾರು ಹತ್ತುವವರನ್ನು ತಡೆದು, ನಿಮ್ಮ ಮನೆಗೆ ಯಾವ ವಾರಪತ್ರಿಕೆ ಬರುತ್ತದೆ ಸಾರ್ ಎಂದು ಕೇಳಿ ನೋಡಿ. ಉಚಿತ ಪ್ರತಿ ಕಳಿಸಿ ಎಂದು ವಿಳಾಸದ ಚೀಟಿ ಕೈಗಿಡುತ್ತಾರೆ! ಇತ್ತ ಕಾಗದದ ಬೆಲೆ ಏರುತ್ತದೆ, ಏಜೆಂಟರ ಬಾಕಿ ಬರುವುದಿಲ್ಲ.

ವಿಮರ್ಶೆಗೆ ಒಂದು ಪುಟ ಹೆಚ್ಚು ಕೊಡುತ್ತೇನೆ, ಜಾಹೀರಾತಿನ ಜಾಗದಲ್ಲಿ. ಮ್ಯಾನೇಜರ್ ಈಗಾಗಲೇ ಮುಖ ಗಂಟಿಕ್ಕಿದ್ದಾರೆ. ಧಾರಾವಾಹಿ ನಿಲ್ಲುವುದಿಲ್ಲ. ಅಂದ ಹಾಗೆ, ನಿಮ್ಮ ಪತ್ರದ ಕೊನೆಯಲ್ಲಿ, ಇಪ್ಪತ್ತನೆಯ ಕಂತಿನಲ್ಲಿ ನಾಯಕಿ ತವರಿಗೆ ಹೋದದ್ದು ಅಸಹಜವೆಂದು ಆಕ್ಷೇಪಿಸಿದ್ದೀರಿ. ಅಲ್ಲಿಯವರೆಗೂ ಓದಿದ್ದೀರಲ್ಲ, ಮೇಷ್ಟ್ರೇ. ಅವಳು ಮುಂದಿನ ವಾರ ವಾಪಸು ಬರುತ್ತಾಳೆ.